ಡಿಶ್ಶಿನ ಮೂತಿಗೆ ಹಾಲಿನ ಕವರು

ಮೂವತ್ತೆರಡನೇ ವಯಸ್ಸಿಗೆ ನಿವೃತ್ತಿಯ ನೆನಪು ಬರೆಯಲು ಕೂತಿದ್ದೇನೆ ಅಂದದ್ದಕ್ಕೆ ನಮ್ಮಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ನೋಡಿದಳು. "ನಿವೃತ್ತಿ ಆಗಿರೋದು ನೀನಲ್ಲ ಕಣೋ, ನಿನ್ನ ಕೆಲಸ," ಅಂದಳು. ಮಾತು ನಿಜ. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಅಂಗಡಿಯಿಂದ ಹೊರಟು ರಾಜಾಜಿನಗರದಿಂದ ಕೆಂಗೇರಿವರೆಗೆ ಮನೆಮನೆಯ ತಾರಸಿ ಹತ್ತಿ ಡಿಶ್ ಕೂರಿಸುತ್ತಿದ್ದವನು ನಾನು. ಈಗ ಜನ ತಾರಸಿಗೆ ಹತ್ತುವುದು ಬಟ್ಟೆ ಒಣಹಾಕಲಿಕ್ಕೆ ಮಾತ್ರ. ಟೀವಿ ಈಗ ಇಂಟರ್ನೆಟ್ ತಂತಿಯಲ್ಲೇ ಬಂದುಬಿಡುತ್ತದೆ. ನನಗೆ ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಸಿಗಲಿಲ್ಲ. ಒಂದು ಸೋಮವಾರ ಯಾರ ಮನೆಯಿಂದಲೂ ಫೋನು ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಅದೇ ನನ್ನ ಬೀಳ್ಕೊಡುಗೆ ಸಮಾರಂಭ.

ಈಗ ನಾನು ನಾಮಕರಣ, ಗೃಹಪ್ರವೇಶಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ನಾಯಿ, ಪ್ರೆಶರ್ ಕುಕ್ಕರ್, ಮೈಕ್ ಬಿಡದ ಪುರೋಹಿತರು, ಎಲ್ಲಾ ಬರುತ್ತೆ. ನಮ್ಮ ಬೀದಿಯ ಟೀ ಅಂಗಡಿ ಹತ್ತಿರ ಫೈಬರ್ ಎಳೆಯುವ ಹುಡುಗರು ಸಿಗುತ್ತಾರೆ. "ಲೋಕಿಯಣ್ಣ, ಡಿಶ್ ಕಾಲದಲ್ಲಿ ಏನ್ ಮಹಾ ಕೆಲಸ ಇತ್ತು? ನಾಲ್ಕು ಬೋಲ್ಟ್ ಬಿಗಿ ಮಾಡೋದು ತಾನೆ?" ಅಂತ ರೇಗಿಸುತ್ತಾರೆ. ಮಗಾ, ನೀವೂ ಇನ್ನೊಬ್ಬರ ತಾರಸಿ ಹತ್ತುವವರೇ. ಇವತ್ತಲ್ಲ ನಾಳೆ ನಿಮ್ಮ ತಂತಿಯನ್ನೂ ಯಾರಾದರೂ ಕಿತ್ತುಹಾಕುತ್ತಾರೆ. ಅಷ್ಟರೊಳಗೆ ಕೇಳಿಸಿಕೊಳ್ಳಿ.

ಡಿಶ್ ಅಂದರೆ ಬರೀ ತಟ್ಟೆ. ಆಕಾಶದಿಂದ ಬಿದ್ದದ್ದನ್ನು ಕೂಡಿಸಿ ಮುಂದಕ್ಕೆ ಎಸೆಯುತ್ತದೆ, ಅಷ್ಟು ಬಿಟ್ಟರೆ ಅದಕ್ಕೇನೂ ಗೊತ್ತಿಲ್ಲ. ಎಸೆದದ್ದನ್ನು ಹಿಡಿಯುವುದು ತಟ್ಟೆಯ ಮುಂದೆ ಕೋಲಿನ ತುದಿಯಲ್ಲಿ ಕೂತ ಮುಷ್ಟಿ ಗಾತ್ರದ ಡಬ್ಬಿ. ಅದರ ಹೆಸರು ಎಲ್‌ಎನ್‌ಬಿ. ನಮ್ಮ ಅಂಗಡಿ ಯಜಮಾನ ಗಂಗಣ್ಣ ಅದನ್ನು 'ಮೂತಿ' ಅನ್ನುತ್ತಿದ್ದ. "ಮನೆಗೆ ಮೂತಿ ಒಳ್ಳೇದು ಹಾಕು, ತಟ್ಟೆ ತುಕ್ಕು ಹಿಡಿದ್ರೂ ನಡೀತದೆ." ಗಂಗಣ್ಣ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಹೊಟ್ಟೆ ಮುಂದೆ, ಮಾತು ಹಿಂದೆ. ನನ್ನನ್ನು ಕರೆಯುವಾಗ "ಲೋ... ಕಿ" ಅಂತ ಮಧ್ಯದಲ್ಲಿ ಒಂದು ಉಸಿರು ತೆಗೆದುಕೊಳ್ಳುತ್ತಿದ್ದ. ಆ ಉಸಿರಿನಲ್ಲೇ ಬೈಗುಳವೋ ಊಟವೋ ಗೊತ್ತಾಗಿಬಿಡುತ್ತಿತ್ತು. ಅವನ ಧ್ವನಿಯನ್ನು ನಾನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆ ಅಂದರೆ, ಒಮ್ಮೆ ಅವನ ಹೆಂಡತಿ ಫೋನಿನಲ್ಲಿ ನನ್ನನ್ನೇ ಅವನು ಅಂದುಕೊಂಡು ಬರುವಾಗ ಮೆಂತ್ಯ ಸೊಪ್ಪು ತರಲು ಹೇಳಿದರು. ನಾನು ಗಂಗಣ್ಣನಿಗೆ ಹೇಳಲಿಲ್ಲ. ಸಂಜೆ ಅವನಿಗೆ ಬಿದ್ದ ಬೈಗುಳ ಎಂಥದ್ದೆಂದು ಮಾರನೇ ದಿನ ನನಗೆ ಬಿದ್ದದ್ದರಿಂದ ಗೊತ್ತಾಯಿತು.

ಮೂತಿ ಆರಿಸುವುದು ಅವನ ಕೈಯಲ್ಲೇ ಕಲಿತದ್ದು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದನ್ನು ಅವನು ಓದುತ್ತಲೇ ಇರಲಿಲ್ಲ. ಮೂತಿ ತನ್ನ ಕಡೆಯಿಂದ ಎಷ್ಟು ಕಡಿಮೆ ಗದ್ದಲ ಸೇರಿಸುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇರುತ್ತದೆ. ಯಾವ ಕಂಪನಿಯದ್ದೇ ತೆಗೆದುಕೊಳ್ಳಿ, ಎಲ್ಲದರ ಮೇಲೂ ಅದೇ ಅಂಕಿ. "ಗಂಡಿನ ಬಯೋಡೇಟಾ ಇದ್ದಂಗೆ ಕಣೋ. ಕುಡಿಯಲ್ಲ, ಸೇದಲ್ಲ ಅಂತ ಎಲ್ರೂ ಬರ್ಕೊಂಡಿರ್ತಾರೆ," ಅನ್ನುತ್ತಿದ್ದ. ಆಮೇಲೆ ಉಗುರಿನಿಂದ ಮುಚ್ಚಳ ಒತ್ತಿ ನೋಡುತ್ತಿದ್ದ. ಬಿಸಿಲಿಗೆ ಸಿಡಿಯುವ ಪ್ಲಾಸ್ಟಿಕ್ಕು ಒತ್ತಿದಾಗ ಹಪ್ಪಳದ ಹಾಗೆ ಟಿಕ್ ಅನ್ನುತ್ತದೆ, ಬಾಳುವುದು ಮಂಕಾಗಿ ಬಗ್ಗುತ್ತದೆ. ಮುಚ್ಚಳದ ಕೆಳಗೆ ರಬ್ಬರ್ ಉಂಗುರ ಇದೆಯಾ, ಕೇಬಲ್ ಸಿಕ್ಕಿಸುವ ಬಾಯಿ ಕೆಳಮುಖ ಇದೆಯಾ, ಅದಕ್ಕೆ ಮಳೆ ತಡೆಯುವ ಸೆರಗು ಇದೆಯಾ, ಇಷ್ಟೇ ಅವನ ಪರೀಕ್ಷೆ.

ಒಂದು ಸಲ ಎಲೆಕ್ಟ್ರಾನಿಕ್ ಸಾಮಾನಿನ ಎಸ್.ಪಿ. ರೋಡಿನ ಕಡೆಯಿಂದ ಟೈ ಕಟ್ಟಿಕೊಂಡ ಮಾರಾಟದ ಹುಡುಗ ಹೊಸ ಮೂತಿಯ ಸ್ಯಾಂಪಲ್ ತಂದಿದ್ದ. ಗಂಗಣ್ಣ ಒಳಗೆ ಹೋಗಿ ಬಿಸಿನೀರಿನ ಬಕೆಟ್ ತಂದು, ಕೇಬಲ್ ಬಾಯಿಗೆ ಬಿರಡೆ ಹಾಕಿ, ಡಬ್ಬಿಯನ್ನು ಅದರೊಳಗೆ ಮುಳುಗಿಸಿಬಿಟ್ಟ. ಒಳಗಿನ ಗಾಳಿ ಬಿಸಿಯಾಗಿ ಉಬ್ಬಿದಾಗ ಎಲ್ಲಿ ಬಿರುಕಿದೆಯೋ ಅಲ್ಲಿಂದ ಗುಳ್ಳೆ ಏಳುತ್ತದೆ. ಹುಡುಗ ಕಂಗಾಲಾಗಿ, "ಸಾರ್, ಅದು ಎಲೆಕ್ಟ್ರಾನಿಕ್ ಐಟಂ ಸಾರ್," ಅಂದ. "ಆ ಮಾತ್ನ ಹೋಗಿ ಮಳೆಗೆ ಹೇಳು," ಅಂದ ಗಂಗಣ್ಣ. ಗುಳ್ಳೆಗಳು ಸೋಡಾ ಬಾಟಲಿಯ ಹಾಗೆ ಎದ್ದವು. ಹುಡುಗ ಟೀ ಕುಡಿದು ಹೋದ.

ಮಳೆಯಿಂದ ಕಾಪಾಡುವ ಬಗೆಗೆ ಗಂಗಣ್ಣನ ಪಾಠ ಮೊದಲು ನನಗೆ ತಲೆಕೆಳಗಾಗಿ ಕಂಡಿತ್ತು. ನಾನು ಹೊಸದರಲ್ಲಿ ಕಪ್ಪು ಟೇಪನ್ನು ಗಾಯಕ್ಕೆ ಬ್ಯಾಂಡೇಜ್ ಸುತ್ತಿದ ಹಾಗೆ ಮೇಲಿನಿಂದ ಕೆಳಕ್ಕೆ ಸುತ್ತಿ, ಹೆಮ್ಮೆಯಿಂದ ಹಿಂದೆ ಸರಿದು ನಿಲ್ಲುತ್ತಿದ್ದೆ. ಅವನು ಅದನ್ನು ಪೂರ್ತಿ ಬಿಚ್ಚಿಸುತ್ತಿದ್ದ. ತಾನೇ ತನಗೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಹೆಂಚಿನ ಹಾಗೆ ಕೂತು ನೀರು ಜಾರುತ್ತದೆ. ಕೇಬಲ್ಲಿಗೆ ಮೂತಿಯ ಕೆಳಗೆ ಒಂದು ಜೋಕಾಲಿ ಬಿಡಬೇಕು. ಹರಿದು ಬಂದ ನೀರು ಜೋಕಾಲಿಯ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಬಾಯಿಯೊಳಗೆ ನುಗ್ಗುವುದಿಲ್ಲ. ಕೊನೆಗೆ ತಳದಲ್ಲಿ ಒಂದಿಷ್ಟು ಜಾಗ ಸುತ್ತದೇ ಬಿಡಬೇಕು. "ನೀರು ಬರದಂಗೆ ಮಾಡ್ತೀನಿ ಅನ್ನೋದು ಕೊಬ್ಬು. ಹೆಂಗಾದ್ರೂ ಬರ್ತದೆ. ಬಂದಿದ್ದು ಆಚೆ ಹೋಗಕ್ಕೆ ದಾರಿ ಬಿಟ್ಟಿದೀಯಾ, ಅದ್ ನೋಡು," ಅನ್ನುತ್ತಿದ್ದ.

ಡಿಶ್ ತಿರುಗಿಸುವುದಕ್ಕೆ ಇಬ್ಬರು ಬೇಕು. ಮೇಲೊಬ್ಬ ತಟ್ಟೆ ಹಿಡಿದುಕೊಂಡಿರುತ್ತಾನೆ, ಕೆಳಗೆ ಹಾಲಿನಲ್ಲಿ ಒಬ್ಬ ಟೀವಿ ನೋಡುತ್ತಾ ಕೂಗುತ್ತಾನೆ. ಬೀಪ್ ಅನ್ನುವ ಮೀಟರು ಆಮೇಲೆ ಬಂತು, ಫೋನಿನಲ್ಲಿ ದಿಕ್ಕು ತೋರಿಸುವ ಆ್ಯಪು ಅದಕ್ಕೂ ಆಮೇಲೆ. ಮೊದಮೊದಲು ಎಲ್ಲಾ ಗಂಟಲಿನ ಮೇಲೆ. ಸುಂಕದಕಟ್ಟೆಯಲ್ಲಿ ಒಂದು ಮೂರಂತಸ್ತಿನ ಮನೆ. ನೆಲಮಹಡಿಯಲ್ಲಿ ಹಾವೇರಿ ಕಡೆಯಿಂದ ಬಂದ ಒಬ್ಬ ಡೆಲಿವರಿ ಹುಡುಗ ಬಾಡಿಗೆಗಿದ್ದ. ನಾನು ಮೇಲೆ, ಅವನು ಕೆಳಗೆ. ಚೂರು ತಿರುಗಿಸಿದೆ. ಕೆಳಗಿನಿಂದ "ಸರೀರೀ" ಅಂತ ಕೇಳಿಸಿತು. ಸರಿಸು ಅನ್ನುತ್ತಿದ್ದಾನೆ ಅಂತ ಇನ್ನಷ್ಟು ಸರಿಸಿದೆ. ಸದ್ದಿಲ್ಲ. ಹಿಂದಕ್ಕೆ ತಂದೆ. ಮತ್ತೆ "ಸರೀರೀ." ಮತ್ತೆ ಸರಿಸಿದೆ. ಹೀಗೇ ಎಷ್ಟೋ ಹೊತ್ತು ನಡೆದ ಮೇಲೆ ಅವನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ.

"ಏನ್ ಅಣ್ಣಾರ, ಬಂದಿದ್ದನ್ನ ಯಾಕ ಕಳಸಾಕತ್ತೀರಿ? ನಾ ಸರಿ ರೀ ಅಂತ ಹೊಯ್ಕೊಳ್ಳಾಕತ್ತೀನಿ, ನೀವು ನೋಡಿದ್ರ ಸರಸ್ಕೋತ ಹೊಂಟೀರಲ್ಲ."

ಅವನು ಹೇಳುತ್ತಿದ್ದದ್ದು 'ಸರಿಯಾಯ್ತು, ನಿಲ್ಲಿಸಿ' ಅಂತ. ನಾನು ಅಂಗಡಿಗೆ ಬಂದು ಅವನ ಧ್ವನಿಯಲ್ಲೂ ನನ್ನ ಪೆಚ್ಚು ಮೋರೆಯಲ್ಲೂ ಈ ಕಥೆ ಆಡಿ ತೋರಿಸಿದೆ. ಗಂಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಕಾನೂನು ಮಾಡಿದ. ಅಂದಿನಿಂದ ನಮ್ಮ ಅಂಗಡಿಯ ಕೆಲಸದಲ್ಲಿ 'ಸರಿ' ಅನ್ನುವ ಮಾತೇ ಇಲ್ಲ. ಕೆಳಗಿನವರು ಕೂಗಬೇಕಾದ್ದು ಎರಡೇ ಮಾತು, 'ಬಂತು', 'ಹೋಯ್ತು'. ತಾರಸಿ ಹತ್ತುವ ಮುಂಚೆ ಮನೆಯವರಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಇದನ್ನು ಹೇಳಿಕೊಟ್ಟೇ ಹತ್ತುತ್ತಿದ್ದೆವು.

ಇನ್ನು ಕವರುಗಳ ವಿಷಯ. ನಮ್ಮ ಜನ ಒಂದು ವಸ್ತುವನ್ನು ಪ್ರೀತಿಸಿದರೆ ಮೊದಲು ಮಾಡುವ ಕೆಲಸ ಅದಕ್ಕೊಂದು ಕವರ್ ಹಾಕುವುದು. ವಿಜಯನಗರದಲ್ಲಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಬಸವೇಶ್ವರನಗರದಲ್ಲಿ ಫ್ರಿಜ್ಜಿನ ಹಿಡಿಗೆ ಕುಚ್ಚು ಇಟ್ಟ ಕವರು, ರಾಜಾಜಿನಗರದಲ್ಲಿ ಸೋಫಾಕ್ಕೆ ಕವರು, ಆ ಕವರು ಕೊಳೆಯಾಗದಿರಲಿ ಅಂತ ಅದರ ಮೇಲೊಂದು ಟವೆಲು. ನಮ್ಮ ಮನೆಯಲ್ಲೂ ಅಷ್ಟೆ. ಮಿಕ್ಸಿಗೆ ಲಂಗ ಹೊಲಿಸಿರುವವಳು ನಮ್ಮಮ್ಮ. ಇಂಥ ಜನ ತಾರಸಿ ಮೇಲೆ ಮಳೆಯಲ್ಲಿ ನೆನೆಯುತ್ತಾ ಕೂತ ಮೂತಿಯನ್ನು ನೋಡಿದರೆ ಸುಮ್ಮನೆ ಬಿಡುತ್ತಾರಾ? ತೊಳೆದು ಒಣಗಿಸಿದ ಹಾಲಿನ ಕವರನ್ನು ಟೋಪಿಯ ಹಾಗೆ ತೊಡಿಸಿ, ಕತ್ತಿಗೆ ದಾರ ಕಟ್ಟಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಒದ್ದೆ ಪ್ಲಾಸ್ಟಿಕ್ಕು ಮೂತಿಗೆ ಅಂಟಿ ಸಿಗ್ನಲ್ಲನ್ನು ತಡೆಯುತ್ತದೆ. ದಾರದ ಸಂದಿಯಿಂದ ಒಳಗೆ ಹೋದ ನೀರು ಹೊರಗೆ ಬರುವ ದಾರಿಯಿಲ್ಲದೆ ನಿಂತು, ಕೇಬಲ್ಲಿನ ತುದಿಯ ಲೋಹದ ತಿರುಪನ್ನು ತಿಂದುಹಾಕುತ್ತದೆ. ಮಳೆಗೆ ಹಾಳಾದ ಮೂತಿಗಿಂತ ಮಳೆಯಿಂದ ಕಾಪಾಡಿ ಹಾಳು ಮಾಡಿದ ಮೂತಿಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಅಂಥದ್ದರಲ್ಲಿ ಒಂದು ಬಾಪೂಜಿ ನಗರದ ನಂಜುಂಡಯ್ಯನವರ ಮನೆಯದು.

ನಂಜುಂಡಯ್ಯನವರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಯಾವ ಮಾತಿಗೂ ಕೊನೆಯಲ್ಲಿ "ರೈಟ್" ಅನ್ನುತ್ತಿದ್ದರು. ಹೆಂಡತಿ ಜಯಮ್ಮ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದವರು. ಜೊತೆಯಲ್ಲಿ ಮಗಳು ಶೋಭಕ್ಕ, ಅವಳೂ ಗಾರ್ಮೆಂಟ್ಸೇ. ಜಯಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು, ಮಾತು ಪೂರ್ತಿ ನಿಂತುಹೋಗಿತ್ತು. ಹೇಳಿದ್ದು ಅರ್ಥ ಆಗುತ್ತಿತ್ತು, ಹೇಳಲಿಕ್ಕೆ ಆಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಟೀವಿಯಲ್ಲಿ ಹಳೇ ಸಿನಿಮಾ ಹಾಡುಗಳ ಕಾರ್ಯಕ್ರಮ ಶುರುವಾದರೆ, ಆ ಬಾಯಿಯಿಂದಲೇ ಹಾಡಿನ ಮಾತುಗಳು ಒಂದೂ ತಪ್ಪದೆ ಬರುತ್ತಿದ್ದವು. ಹಾಡು ನಿಂತರೆ ಮಾತೂ ನಿಂತಿತು. ಡಾಕ್ಟರು, "ಹಾಡಿಸ್ತಾ ಇರಿ, ಬಿಡಬೇಡಿ. ಹಾಡಿನ ಹಿಂದೇನೇ ಒಂದಿನ ಮಾತೂ ಬರಬಹುದು," ಅಂದಿದ್ದರಂತೆ.

"ಫೋನಲ್ಲಿ ಹಾಕ್ಬಹುದಲ್ಲ ಅಕ್ಕ," ಅಂದೆ ನಾನು, ಮೊದಲ ಸಲ ಹೋದಾಗ.

"ಹಾಕ್ದೆ. ಫೋನ್ನ ತಳ್ಳಿಬಿಡ್ತಾಳೆ," ಅಂದಳು ಶೋಭಕ್ಕ. "ಕೆಲಸಕ್ಕೆ ಹೋಗೋ ಕಾಲದಿಂದ್ಲೂ ಡಬ್ಬಿ ಕಟ್ಕೊಂಡು ಇದೇ ಪ್ರೋಗ್ರಾಂ ನೋಡ್ತಿದ್ಲು. ಆ ಹುಡ್ಗಿ ಬಂದು ಹಲ್ಕಿಸಿದು ಹಾಡಿನ ಹೆಸ್ರು ಹೇಳ್ಬೇಕು, ಆಮೇಲೇ ಇವಳ ಬಾಯಿ ತೆರೆಯೋದು."

ಹಾಗಾಗಿ ಆ ಮನೆಯಲ್ಲಿ ಸಿಗ್ನಲ್ ಹೋಯಿತು ಅಂದರೆ ಜಯಮ್ಮನ ಧ್ವನಿಯೇ ಹೋದ ಹಾಗೆ. ಆ ವರ್ಷ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಒಂದು ವಾರ ಚಿತ್ರ ಬರುವುದು, ಮುಂದಿನ ವಾರ ಫೋನು. ನಾನು ಹೋಗಿ ಮೂತಿ ಬದಲಾಯಿಸಿದೆ. ಮತ್ತೆ ಹೋಯಿತು. ತಿರುಪು ಹಸಿರುಗಟ್ಟಿತ್ತು, ಬದಲಾಯಿಸಿದೆ. ಮತ್ತೆ ಹೋಯಿತು. ಪ್ರತಿ ಸಲವೂ ಶೋಭಕ್ಕ ಹಾಲಿನಲ್ಲಿ ನಿಂತು, ಜಯಮ್ಮನ ಕುರ್ಚಿಯ ಪಕ್ಕದಲ್ಲೇ, ಕಿಟಕಿಗೆ ಬಾಯಿ ಕೊಟ್ಟು "ಬಂತು", "ಹೋಯ್ತು" ಅಂತ ಕೂಗುತ್ತಿದ್ದಳು. ನಾನು ಮಧ್ಯೆ ಮಧ್ಯೆ ಜಯಮ್ಮನಿಗೆ ಕಾರ್ಯಕ್ರಮದ ಹುಡುಗಿಯ ಮಿಮಿಕ್ರಿ ಮಾಡಿ ತೋರಿಸುತ್ತಿದ್ದೆ. ಕೈ ತಿರುವುವುದು, ಕೂದಲು ಹಿಂದೆ ಹಾಕಿಕೊಳ್ಳುವುದು, 'ವೀಕ್ಷಕರೇ' ಅನ್ನುವಾಗ ಕತ್ತು ಓರೆ ಮಾಡುವುದು. ಜಯಮ್ಮನ ಹೆಗಲು ಕುಲುಕುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ನಂಜುಂಡಯ್ಯನವರು ನನ್ನನ್ನು ನೋಡದೆ ಅವರ ಹೆಗಲನ್ನೇ ನೋಡುತ್ತಿದ್ದರು.

ಮೂರನೇ ಸಲ ಹೇಳದೆ ಕೇಳದೆ ಹೋಗಿ ನೇರ ತಾರಸಿ ಹತ್ತಿದೆ. ಮೂತಿಯ ತಲೆಗೆ ಹಾಲಿನ ಕವರು. ಗಾರ್ಮೆಂಟ್ಸಿನ ದಪ್ಪ ದಾರದಲ್ಲಿ ಬಿಗಿದು, ಅದರ ಮೇಲೊಂದು, ಅದರ ಮೇಲೆ ಇನ್ನೊಂದು. ಒಳಗೆ ನೀರು ನಿಂತು ಕವರು ಬಾಳೆಮೂತಿಯ ಹಾಗೆ ಜೋತುಬಿದ್ದಿತ್ತು. ಕಟ್ಟುವಾಗ ಭಾರ ಬಿಟ್ಟದ್ದಕ್ಕೋ ಏನೋ ಕೋಲು ಕೂಡ ಸೊಟ್ಟಗಾಗಿತ್ತು. ನಾನು ರಿಪೇರಿಗೆ ಬರುವ ದಿನ ಕವರು ಮಾಯ, ನಾನು ಹೋದ ಸಂಜೆ ಮತ್ತೆ ಹಾಜರು ಅಂತ ಆಗ ಅರ್ಥವಾಯಿತು.

ಕೆಳಗೆ ಬಂದು ಶೋಭಕ್ಕನ ಕಡೆ ನೋಡಿದೆ. "ನಾನಲ್ಲಪ್ಪ," ಅಂದಳು. ಜಯಮ್ಮನ ಮೇಲೆ ಅನುಮಾನ ಪಡುವಂತಿರಲಿಲ್ಲ. ನಂಜುಂಡಯ್ಯನವರು ಫ್ಯಾನಿನ ಕಡೆ ನೋಡುತ್ತಿದ್ದರು. ಫ್ಯಾನು ತಿರುಗುತ್ತಿರಲಿಲ್ಲ.

ಮೆಟ್ಟಿಲ ಮೇಲೆ ನಿಂತು ಗಂಗಣ್ಣನಿಗೆ ಫೋನು ಮಾಡಿದೆ. "ಅಣ್ಣ, ಕಳ್ಳ ಸಿಕ್ದ. ಕಂಡಕ್ಟ್ರೇ ಕವರ್ ಕಟ್ತಾ ಇರೋದು. ಬೈದು ಬರ್ಲಾ?"

ಗಂಗಣ್ಣ ಆ ಕಡೆ ಉಸಿರು ತೆಗೆದುಕೊಂಡ. "ಲೋ... ಕಿ. ಬೈಬೇಡ. ಬೈದ್ರೆ ಇನ್ನೊಂದ್ ಕವರ್ ಕಟ್ತಾರೆ, ಅಷ್ಟೆ. ಹೊಸ ಮೂತಿ ತಗೊಂಡ್ಹೋಗು, ಟೇಪ್‌ನ ಅವ್ರ ಕೈಗೆ ಕೊಡು. ಅವರೇ ಸುತ್ತಲಿ."

ಮಾರನೇ ಬೆಳಿಗ್ಗೆ ಹೋದೆ. ಶೋಭಕ್ಕ ಕೆಲಸಕ್ಕೆ ಹೊರಟುಹೋಗಿದ್ದಳು. ಬರೀ ಮೋಡ, ಸಣ್ಣ ತುಂತುರು. ಮೀಟರು ಆವತ್ತು ಗಂಗಣ್ಣನ ಹತ್ತಿರ ಕೆಂಗೇರಿಯಲ್ಲಿತ್ತು. ನಂಜುಂಡಯ್ಯನವರನ್ನು ಹಾಲಿನಲ್ಲಿ ಕೂರಿಸಿ ಕೂಗಿಸೋಣ ಅಂದುಕೊಂಡಿದ್ದೆ. "ನಾನೂ ಮೇಲೆ ಬರ್ತೀನಿ," ಅಂದರು. ಕೊಡೆ ಹಿಡಿದು ನನಗಿಂತ ಮುಂಚೆ ಮೆಟ್ಟಿಲು ಹತ್ತಿದರು. ಟೀವಿಯ ಸೌಂಡು ಜೋರು ಮಾಡಿ ಬಂದೆ. ಹಾಡು ಬಂದರೆ ಕಿಟಕಿಯಿಂದ ಹೇಗೂ ಕೇಳುತ್ತದೆ ಅನ್ನುವ ಲೆಕ್ಕ.

ಹಳೇ ಮೂತಿ ಬಿಚ್ಚಿ ತಲೆಕೆಳಗು ಮಾಡಿದೆ. ನೀರು ಸುರಿಯಿತು. ನಂಜುಂಡಯ್ಯನವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ನಾನೇ ಕಣಪ್ಪ ಕಟ್ಟಿದ್ದು."

"ಗೊತ್ತು ಸಾರ್."

"ನೀನು ಹಾಕಿ ಹೋಗ್ತಿದ್ದೆ. ಹಿಂದೇನೇ ಮಳೆ ಬರೋದು. ಬೆತ್ತಲೆ ಕೂತಂಗೆ ಕಾಣೋದು ಅದು." ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಮಾತ್ರೆ ಡಾಕ್ಟ್ರು ಕೊಡ್ತಾರೆ. ಸ್ನಾನ, ಊಟ ಮಗಳು ನೋಡ್ಕೊತಾಳೆ. ನಗ್ಸಕ್ಕೆ ನೀನಿದೀಯ. ನಂಗೇನು ಕೆಲಸ ಹೇಳು ಆ ಮನೇಲಿ? ಡ್ಯೂಟಿ ಪೂರಾ ಜನ ನನ್ನ 'ರೀ, ಕಂಡಕ್ಟ್ರೇ, ರೀ' ಅಂತ ಕೂಗೋರು. ಕಿವಿ ತೂತು ಬೀಳೋದು. ಮನೆಗೆ ಬಂದ್ರೆ ಇವ್ಳೊಬ್ಳು, ಉಪ್ಪಿಗೊಂದ್ ರೀ, ಗ್ಯಾಸಿಗೊಂದ್ ರೀ. ಸ್ವಲ್ಪ ಸುಮ್ನಿರೇ ಅಂತಿದ್ದೆ. ಸುಮ್ನಾದ್ಲು ನೋಡು."

ಹೊಸ ಮೂತಿಗೆ ಕೇಬಲ್ ಸಿಕ್ಕಿಸಿ, ಟೇಪು ಅವರ ಕೈಗೆ ಕೊಟ್ಟೆ.

"ಕೆಳಗಿಂದ ಮೇಲಕ್ಕೆ ಸಾರ್. ಎಳೆದು ಎಳೆದು."

ಜೀವಮಾನ ಪೂರ್ತಿ ಅಲುಗಾಡುವ ಬಸ್ಸಿನಲ್ಲಿ ಟಿಕೆಟ್ ಹರಿದ ಬೆರಳುಗಳು. ಒಂದು ಸುತ್ತಿನ ಮೇಲೆ ಇನ್ನೊಂದನ್ನು ಅರ್ಧಕ್ಕೆ ಕೂರಿಸುತ್ತಾ ನಿಧಾನವಾಗಿ ಸುತ್ತಿದರು. ತಳದಲ್ಲಿ ಜಾಗ ಬಿಡಿ ಅಂದಾಗ ಮಾತ್ರ ಕೈ ನಿಂತಿತು.

"ಇಲ್ಲಿಂದ ನೀರು ಹೋಗಲ್ವಾ ಒಳಗೆ?"

"ಆಚೆ ಹೋಗಕ್ಕೇ ಬಿಡೋದು ಸಾರ್ ಅದು. ನೀವು ಅದನ್ನೂ ಮುಚ್ಚಿದ್ರಿ, ಪಾಪ ಉಸಿರು ಕಟ್ತು."

ಅವರು ಆ ಬಿಟ್ಟ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. "ರೈಟ್," ಅಂದರು.

ಕೋಲು ನೆಟ್ಟಗೆ ಮಾಡಿ, ಹೊಸ ಮೂತಿ ಕೂರಿಸಿ, ಕೇಬಲ್ಲಿಗೆ ಜೋಕಾಲಿ ಬಿಟ್ಟು, ತಟ್ಟೆಯ ಬೋಲ್ಟು ಸಡಿಲ ಮಾಡಿದೆ. ನಮ್ಮೂರಲ್ಲಿ ಡಿಶ್ ಹೆಚ್ಚುಕಡಿಮೆ ಅಂಗಾತ ಮಲಗಿ ಆಕಾಶ ನೋಡುತ್ತಿರುತ್ತದೆ. ಕೂದಲೆಳೆಯಷ್ಟು ಆಚೀಚೆಯಾದರೂ ಆಟ ಮುಗೀತು. ಹಳೇ ಆಂಟೆನಾದ ಹಾಗೆ ಮಂಕಾಗಿ ಬಂದು ಆಮೇಲೆ ಚೆನ್ನಾಗಿ ಕಾಣುವುದೆಲ್ಲ ಇಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಚೂರು ಸರಿಸಿ, ಕೈ ಬಿಟ್ಟು, ಒಂದೆರಡು ಉಸಿರಿನಷ್ಟು ಕಾಯಬೇಕು. ಸರಿಸಿದೆ, ಕಾದೆವು. ಸರಿಸಿದೆ, ಕಾದೆವು. ಪಕ್ಕದ ಮನೆಯ ಕುಕ್ಕರು ಕೂಗಿತು. ನಂಜುಂಡಯ್ಯನವರು ಕೊಡೆಯನ್ನು ನನ್ನ ಮೇಲೂ ಹಿಡಿಯದೆ, ತಮ್ಮ ಮೇಲೂ ಹಿಡಿಯದೆ ಮೂತಿಯ ಮೇಲೆ ಹಿಡಿದಿದ್ದರು.

"ಸಾರ್, ಕೊಡೆ ತೆಗೀರಿ. ಸಿಗ್ನಲ್ ಬರೋ ದಾರೀಲಿ ನಿಂತಿದೀರ."

ನಾಚಿಕೊಂಡು ಮಡಚಿದರು. ಇನ್ನೊಂದು ಕೂದಲೆಳೆ ತಿರುಗಿಸಿದೆ. ಕೆಳಗಿನ ಕಿಟಕಿಯಿಂದ ತಬಲಾ ಕೇಳಿಸಿತು, ಅದರ ಹಿಂದೆ ಪಿಟೀಲು, ಅದರ ಹಿಂದೆ ಜಯಮ್ಮನ ಧ್ವನಿ. ಆವತ್ತು ಕಾರ್ಯಕ್ರಮದ ಹುಡುಗಿಗೂ ಕಾಯದೆ, ಹಾಡಿನ ನಟ್ಟನಡುವೆ, ಎಲ್ಲಿ ಬಂತೋ ಅಲ್ಲಿಂದಲೇ ಹಿಡಿದುಕೊಂಡರು. ನಂಜುಂಡಯ್ಯನವರು ತಲೆ ತಗ್ಗಿಸಿ ಕೇಳುತ್ತಾ ನಿಂತರು. ಅವರ ಕನ್ನಡಕದ ಮೇಲೆಲ್ಲ ತುಂತುರು ಕೂತಿತ್ತು.

ಇಲ್ಲಿಗೆ ಬಿಗಿ ಮಾಡಿ ಇಳಿದಿದ್ದರೆ ಇದು ಬರೆಯುವಂಥ ಕಥೆಯೇ ಆಗುತ್ತಿರಲಿಲ್ಲ. ಸಿಗ್ನಲ್ ಬಂದ ಜಾಗದಲ್ಲೇ ಯಾವ ಫಿಟ್ಟರೂ ನಿಲ್ಲಿಸುವುದಿಲ್ಲ. ಅದನ್ನು ದಾಟಿ ಆ ಕಡೆ ಎಲ್ಲಿ ಹೋಗುತ್ತದೆ ನೋಡಿಕೊಂಡು, ಎರಡರ ನಟ್ಟನಡುವೆ ತಂದು ಬಿಗಿಯಬೇಕು. ಆಗಲೇ ಗಾಳಿಮಳೆಗೆ ತಡೆಯುವುದು. ಹಾಗಾಗಿ ನಾನು ಇನ್ನೂ ಚೂರು ತಿರುಗಿಸಿದೆ. ಪಿಟೀಲು ಕತ್ತರಿಸಿದ ಹಾಗೆ ನಿಂತಿತು. ಜಯಮ್ಮನ ಹಾಡೂ ನಿಂತಿತು.

ಆಮೇಲೆ ಕಿಟಕಿಯಿಂದ ಒಂದು ಮಾತು ಬಂತು. ನಾಲಿಗೆ ಎಡವಿ, ಅರ್ಧಕ್ಕೆ ಸಿಕ್ಕಿಕೊಂಡು, ಎಳೆದುಕೊಂಡು ಬಂತು.

"ರೀ... ಹೋ... ಹೋಯ್ತು."

ಟೀವಿಯಲ್ಲಿ ಆಗ ಏನೂ ಇರಲಿಲ್ಲ. ಹಾಡಿಲ್ಲ, ಹಾಡಿನ ಹುಡುಗಿಯಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಬೋಲ್ಟಿನ ಮೇಲೆ ಇಟ್ಟ ಕೈ ಹಾಗೇ ಇಟ್ಟುಕೊಂಡು ನಂಜುಂಡಯ್ಯನವರ ಕಡೆ ನೋಡಿದೆ. ಅವರು ಸಿಂಟೆಕ್ಸ್ ಟ್ಯಾಂಕಿನ ಕಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತರು. ಬಟ್ಟೆ ಒದ್ದೆಯಾಗುವುದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

"ಕರೆದ್ಳು," ಅಂದರು.

"ಹೌದು ಸಾರ್."

"ನನ್ನೇ ತಾನೆ?"

"ನನ್ನ ಯಾರು ಸಾರ್ ರೀ ಅಂತಾರೆ."

ಅವಸರದಲ್ಲಿ ತಟ್ಟೆಯನ್ನು ಹಿಂದಕ್ಕೆ ತಂದೆ. ಪಿಟೀಲು ಬಂತು, ಹಾಡು ಬಂತು, ಜಯಮ್ಮನೂ ಅದರ ಜೊತೆ ಸೇರಿಕೊಂಡರು. ಇನ್ನು ಬಿಗಿ ಮಾಡಿಬಿಡೋಣ ಅಂತ ಸ್ಪ್ಯಾನರ್ ತಿರುಗಿಸುವಷ್ಟರಲ್ಲಿ ನಂಜುಂಡಯ್ಯನವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಲೋಕೇಶ. ಇನ್ನೊಂದ್ಸಲ ಹೋಗ್ಸಪ್ಪ."

ಈ ಕೆಲಸಕ್ಕೆ ಸೇರಿದಾಗಿನಿಂದ ಜನ ನನಗೆ ಸಿಗ್ನಲ್ ತರಿಸು ಅಂತ ಗೋಗರೆದಿದ್ದಾರೆ, ಬೈದಿದ್ದಾರೆ, ಕಾಫಿ ಕೊಟ್ಟು ಪುಸಲಾಯಿಸಿದ್ದಾರೆ. ಹೋಗಿಸು ಅಂತ ಕೇಳಿದವರು ಅವರೊಬ್ಬರೇ. ತಟ್ಟೆಯ ಅಂಚಿಗೆ ಹೆಬ್ಬೆರಳು ಕೊಟ್ಟು ಒಂದು ಕೂದಲೆಳೆ ಒತ್ತಿದೆ. ಕೆಳಗೆ ಹಾಡು ನಿಂತಿತು. ಇಬ್ಬರೂ ಕಿಟಕಿಯ ಕಡೆ ಬಗ್ಗಿದೆವು. ಮೊದಲು ಏನೂ ಇಲ್ಲ. ಆಮೇಲೆ ಕುರ್ಚಿ ಕಿರುಗುಟ್ಟಿತು. ಆಮೇಲೆ, ಈ ಸಲ ಸ್ವಲ್ಪ ಸಿಟ್ಟಿನಲ್ಲಿ, ಹಳೇ ಕಾಲದ ಉಪ್ಪು ಗ್ಯಾಸಿನ ಧಾಟಿಯಲ್ಲೇ ಇರಬೇಕು:

"ರೀ."

"ತಡಿಯೇ, ಬರ್ತದೆ," ಅಂದರು ನಂಜುಂಡಯ್ಯನವರು. ಹಿಡಿದಿದ್ದ ನನ್ನ ಮಣಿಕಟ್ಟು ಮಾತ್ರ ಬಿಡಲಿಲ್ಲ.